ಪಕ್ಕದ ಮನೆಯ ಸೋಮವಾರ

ಸ್ಯಾನ್ ಡಿಯೇಗೋದ ಐ-5 ಹೆದ್ದಾರಿಯಲ್ಲಿ ಲಾ ಹೋಯಾ ದಾಟುವಾಗ ನಿಮ್ಮ ಮಕ್ಕಳೂ ಕೇಳಿರುತ್ತಾರೆ, "ಅಮ್ಮಾ, ಆ ಬಿಳಿ ಕ್ಯಾಸಲ್ ಯಾರದು?" ಲಾಸ್ ಏಂಜಲಿಸ್‌ನಲ್ಲಿರುವವರ ಮಕ್ಕಳು ಸಾಂಟಾ ಮೋನಿಕಾ ಬುಲೆವಾರ್ಡ್‌ನಲ್ಲಿ, ತುದಿಯಲ್ಲಿ ಚಿನ್ನದ ಬಣ್ಣದ ದೇವದೂತ ನಿಂತಿರುವ ಗೋಪುರ ನೋಡಿ ಅದನ್ನೇ ಕೇಳಿರುತ್ತಾರೆ. ನಾವೆಲ್ಲ ಕೊಡುವ ಉತ್ತರವೂ ಒಂದೇ. "ಅದು ಮಾರ್ಮನ್ನರ ದೇವಸ್ಥಾನ ಕಣೇ." ಅಷ್ಟರಲ್ಲಿ ಎಕ್ಸಿಟ್ ಬರುತ್ತದೆ, ಮಾತು ಮುಗಿಯುತ್ತದೆ.

ನಮ್ಮ ಮನೆಯಲ್ಲಿ ಈ ವರ್ಷ ಮುಗಿಯಲಿಲ್ಲ. ಹದಿನಾಲ್ಕು ವರ್ಷದ ಮಗಳ ಆಪ್ತ ಗೆಳತಿ ಪಕ್ಕದ ಬೀದಿಯ ಮಾರ್ಮನ್ ಮನೆಯ ಹುಡುಗಿ. "ಸೋಮವಾರ ಸಂಜೆ ಅವರ ಮನೆಗೆ ಕರೆದಿದ್ದಾರೆ, ಹೋಗ್ಲಾ?" ಎಂದು ಶುರುವಾದದ್ದು ಈಗ ದೊಡ್ಡ ಪ್ರಶ್ನೆಯಾಗಿ ನಿಂತಿದೆ. ನಿಮ್ಮಲ್ಲಿ ಕೆಲವರ ಮನೆಗಾದರೂ ಇದು ಬಂದೇ ಬರುತ್ತದೆ ಎಂದು ಬರೆಯುತ್ತಿದ್ದೇನೆ.

ಮೊದಲು ಅವರ ವಿಷಯ ಸ್ವಲ್ಪ ತಿಳಿದುಕೊಳ್ಳಿ. 'ಮಾರ್ಮನ್' ಎನ್ನುವುದು ಹೊರಗಿನವರು ಇಟ್ಟ ಹೆಸರು. 2018ರಲ್ಲಿ ಅವರ ಅಧ್ಯಕ್ಷರು ಪೂರ್ತಿ ಹೆಸರನ್ನೇ ಬಳಸಿ ಎಂದು ಕೇಳಿಕೊಂಡರು: ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ನಮ್ಮ ಗುರುತಿಗಾಗಿ ಇಲ್ಲಿ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ, ಅವರೆದುರು ಮಾತಾಡುವಾಗ ನೆನಪಿರಲಿ. ಲಾಸ್ ಏಂಜಲಿಸ್ ದೇವಸ್ಥಾನ 1956ರದು, ನಮ್ಮೂರಿನದು 1993ರದು. ಪ್ರತಿಷ್ಠೆಯಾದ ಮೇಲೆ ಒಳಗೆ ಹೋಗುವುದಕ್ಕೆ ಅವರ ಪೈಕಿಯವರಿಗೇ ಅನುಮತಿ ಪತ್ರ ಬೇಕು. ಭಾನುವಾರದ ಪ್ರಾರ್ಥನೆ ನಡೆಯುವುದು ಅಲ್ಲಿ ಅಲ್ಲ, ಬಡಾವಣೆಯ ಸಣ್ಣ ಚರ್ಚುಗಳಲ್ಲಿ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು. ಬೆಂಗಳೂರಿನಲ್ಲೂ ಒಂದು ದೇವಸ್ಥಾನ ಕಟ್ಟುತ್ತೇವೆಂದು 2018ರ ಏಪ್ರಿಲ್‌ನಲ್ಲಿ ಅವರು ಘೋಷಿಸಿದ್ದಾರೆ, ಅಂದರೆ ಊರಿಗೆ ಹೋದರೂ ಈ ಪ್ರಶ್ನೆ ತಪ್ಪುವುದಿಲ್ಲ.

ಆ ಸೋಮವಾರಕ್ಕೆ ಅವರಲ್ಲಿ ಫ್ಯಾಮಿಲಿ ಹೋಮ್ ಈವ್ನಿಂಗ್ ಎಂದು ಹೆಸರು. ವಾರಕ್ಕೊಂದು ಸಂಜೆ ಮನೆಮಂದಿ ಒಟ್ಟಿಗೆ ಕೂರಬೇಕು ಎಂದು ಚರ್ಚಿನ ಹಿರಿಯರು ಹೇಳಿದ್ದು 1915ರಲ್ಲಿ, ಎಲ್ಲರಿಗೂ ಸೋಮವಾರವೇ ಎಂದು ಗೊತ್ತುಮಾಡಿದ್ದು 1970ರಲ್ಲಿ. ಒಂದು ಹಾಡು, ಒಂದು ಪ್ರಾರ್ಥನೆ, ಸಣ್ಣ ಪಾಠ, ಆಟ, ತಿಂಡಿ. ಪಾಠವನ್ನು ಮಕ್ಕಳೇ ಮಾಡುವುದೂ ಉಂಟು. ಮಗಳು ಹೋದ ದಿನ ಎಂಟು ವರ್ಷದ ಹುಡುಗನ ಸರದಿಯಂತೆ. ಅವರಲ್ಲಿ ದೀಕ್ಷಾಸ್ನಾನ ಎಂಟಕ್ಕೆ. ಆ ವಯಸ್ಸಿಗೆ ಮಗುವಿಗೆ ಸರಿ ತಪ್ಪು ತಿಳಿಯುತ್ತದೆ ಎನ್ನುತ್ತಾರೆ. ನಮ್ಮಲ್ಲೂ ಉಪನಯನಕ್ಕೆ ಎಂಟನ್ನೇ ಹೇಳುವುದಲ್ಲವೇ ಎಂದು ನಾನು ಅಂದರೆ, "ಹಾಗಾದ್ರೆ ನನಗೆ ಎಂಟಕ್ಕೆ ಏನು ಮಾಡಿದ್ರಿ?" ಎಂದಳು ಮಗಳು. ಏನು ಹೇಳಲಿ? ಆ ವರ್ಷ ಅವಳಿಗೆ ಈಜು ಕಲಿಸಿದ್ದೆವು.

ಒಂದು ಶನಿವಾರ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಆ ಮನೆಯ ಯಜಮಾನರಿಗೆ ಹಿತ್ತಲಲ್ಲಿ ಕೆಂಡದ ಮೇಲೆ ಅಡುಗೆ ಮಾಡುವ ಹುಚ್ಚು. ಡಚ್ ಅವನ್ ಎಂದರೆ ಮೂರು ಕಾಲಿನ ಎರಕದ ಕಬ್ಬಿಣದ ಪಾತ್ರೆ, ಕೆಂಡ ನಿಲ್ಲುವಂತೆ ಮುಚ್ಚಳಕ್ಕೆ ಅಂಚು. ಮಾರ್ಮನ್ನರು ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಬಂದ ಕಾಲದ ನೆನಪು ಅದಕ್ಕೆ ಅಂಟಿಕೊಂಡಿದೆ. 1997ರಲ್ಲಿ ಯೂಟಾ ಅದನ್ನು ರಾಜ್ಯದ ಪಾತ್ರೆ ಎಂದೇ ಘೋಷಿಸಿತು. ಲೆಕ್ಕ ಸುಲಭ: ಹನ್ನೆರಡು ಇಂಚಿನ ಪಾತ್ರೆಗೆ ಅದರ ಎರಡರಷ್ಟು, ಅಂದರೆ 24 ಇದ್ದಿಲ ತುಂಡು. ಬೇಕ್ ಮಾಡುವುದಾದರೆ ಸುಮಾರು 16 ಮುಚ್ಚಳದ ಮೇಲೆ, 8 ಕೆಳಗೆ. ಶಾಖ ಸುಮಾರು 350 ಡಿಗ್ರಿ ಫ್ಯಾರನ್‌ಹೀಟ್‌ಗೆ ನಿಲ್ಲುತ್ತದೆ.

ನನಗೆ ಹಿಡಿಸಿದ್ದು, ಅವರ ಹವ್ಯಾಸ ಮನೆಯವರಿಂದ ಅವರನ್ನು ದೂರ ಒಯ್ಯದೇ ಇರುವುದು. ಭಾನುವಾರ ಅವರಿಗೆ ವಿಶ್ರಾಂತಿಯ ದಿನ, ಅಂಗಡಿಯಿಲ್ಲ, ಪಂದ್ಯವಿಲ್ಲ. ಹಾಗಾಗಿ ಆಟಪಾಠ, ಹವ್ಯಾಸ ಎಲ್ಲವೂ ಶನಿವಾರ. ಕೆಂಡ ಎಣಿಸುವ ಕೆಲಸ ಮಕ್ಕಳದು. ಆದರೆ ಎಲ್ಲವೂ ಚೆಂದ ಎಂದುಕೊಳ್ಳಬೇಡಿ. ಅವರ ಚರ್ಚಿನಲ್ಲಿ ಊರಿನ ಮಟ್ಟದಲ್ಲಿ ಸಂಬಳದ ಪಾದ್ರಿಗಳಿಲ್ಲ, ಜವಾಬ್ದಾರಿಗಳನ್ನು ಸದಸ್ಯರೇ ಹಂಚಿಕೊಳ್ಳುತ್ತಾರೆ. ಪಾತ್ರೆ ಒರೆಸುತ್ತಾ ಮನೆಯೊಡತಿ ಮೆಲ್ಲಗೆ ಹೇಳಿದರು, ಮಕ್ಕಳ ತರಗತಿಯ ಹೊಣೆ ಬಂದ ಮೇಲೆ ಚಿತ್ರ ಬಿಡಿಸುವುದು ನಿಂತೇಹೋಯಿತಂತೆ. ನನ್ನ ವೀಣೆ ಆರು ವರ್ಷದಿಂದ ಕ್ಲೋಸೆಟ್‌ನಲ್ಲಿದೆ ಎಂದೆ. ಇಬ್ಬರೂ ನಕ್ಕೆವು. ಕನ್ನಡ ಕಲಿ ತರಗತಿ, ಸಂಗೀತದ ಕ್ಲಾಸು, ಸಾಕರ್ ಎಂದು ಓಡಾಡುವ ನಿಮಗೂ ಇಂಥದೊಂದು ಕ್ಲೋಸೆಟ್ ಇರಬೇಕು.

(ಅಂಥವರನ್ನು ಊಟಕ್ಕೆ ಕರೆದರೆ ಕಾಫಿ, ಚಹಾ ಕೊಡಬೇಡಿ. 1833ರಿಂದ ಅವರಲ್ಲಿರುವ ಆರೋಗ್ಯದ ಕಟ್ಟಳೆಯಲ್ಲಿ ಮದ್ಯ, ತಂಬಾಕಿನ ಜೊತೆಗೆ ಇವೆರಡೂ ನಿಷಿದ್ಧ. ಚಿಕ್ಕಮಗಳೂರಿನವಳಾದ ನನಗೆ ಇದು ಅರಗಿಸಿಕೊಳ್ಳಲು ಕಷ್ಟವಾಯಿತು. ಪಾನಕ ಮಾಡಿದೆ, ಎರಡೆರಡು ಲೋಟ ಕುಡಿದರು.)

ನಿಜವಾದ ಬಿಸಿ ತಾಗಿದ್ದು ಮಗಳು ಮುಂದಿನ ಮಾತು ತೆಗೆದಾಗ. ಹೈಸ್ಕೂಲು ಶುರುವಾದ ಮೇಲೆ ಗೆಳತಿಯ ಜೊತೆ ಬೆಳಗಿನ ಸೆಮಿನರಿಗೆ ಹೋಗಬೇಕಂತೆ. ಶಾಲೆಗೆ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ದಿನಾ ಧರ್ಮಗ್ರಂಥದ ಪಾಠ. ಬೆಳಗಿನ ಸೆಮಿನರಿ ಶುರುವಾದದ್ದೇ 1950ರಲ್ಲಿ ಲಾಸ್ ಏಂಜಲಿಸ್ ಕಡೆ. ಇವಳನ್ನು ಏಳಕ್ಕೆ ಎಬ್ಬಿಸಲು ನನಗೆ ಮೂರು ಸಲ ಕೂಗಬೇಕು!

ನಮ್ಮವರು ಸುಮ್ಮನಾದರು. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಮತಾಂತರ ಎನ್ನುವ ಪದ ಗಂಟಲಲ್ಲಿತ್ತು. ಪುತ್ತೂರಿನಲ್ಲಿರುವ ಅತ್ತೆಗೆ ಫೋನ್ ಮಾಡಿದೆ, ಅವರು ಬೇಡ ಎಂದರೆ ಅವರ ಮೇಲೆ ಹಾಕಿ ಜಾರಿಕೊಳ್ಳಬಹುದೆಂದು. ಅವರು ಕೇಳಿದ್ದು ಇಷ್ಟು: "ಅಲ್ಲಿ ಏನು ಹೇಳ್ತಾರೆ ಅಂತ ಅವಳಿಗೆ ಗೊತ್ತುಂಟು. ನಿನ್ನ ಮನೆಯಲ್ಲಿ ಏನುಂಟು ಅಂತ ಗೊತ್ತುಂಟಾ ಮಾರಾಯ್ತಿ?"

ಅಂದು ರಾತ್ರಿ ಮಗಳ ಜೊತೆ ಕನ್ನಡದಲ್ಲೇ ಮಾತಾಡೋಣವೆಂದು ಕೂತೆ. ಐದು ನಿಮಿಷದಲ್ಲಿ ಇಬ್ಬರೂ ಇಂಗ್ಲಿಷಿಗೆ ಹೊರಳಿದ್ದೆವು. ಅವಳಿಗೆ ಉಪ್ಪು, ಹುಳಿ, ಖಾರ ಗೊತ್ತು, 'ಬೇಗ ಹೊರಡು' ಗೊತ್ತು. ಹರಕೆ, ಶ್ರದ್ಧೆ, ಋಣ, ಪುಣ್ಯ ಗೊತ್ತಿಲ್ಲ. ನಾವು ಕಲಿಸಿದ್ದು ಅಡುಗೆಮನೆಯ ಕನ್ನಡ. ದೇವರ ಬಗ್ಗೆ, ಸಾವಿನ ಬಗ್ಗೆ, ನಾನ್ಯಾರು ಎಂಬುದರ ಬಗ್ಗೆ ಅವಳು ಯೋಚಿಸಲು ಶುರುಮಾಡಿದಾಗ ಅದಕ್ಕೆ ಬೇಕಾದ ಪದಗಳೆಲ್ಲ ಬೇರೆಯವರ ಮನೆಯಲ್ಲಿದ್ದವು. ಮಗಳು ಚರ್ಚಿಗೆ ಹೋಗುವುದಕ್ಕಿಂತ ಇದೇ ನನ್ನನ್ನು ಹೆಚ್ಚು ಕಾಡಿತು. ಮಲಿಬು ದೇವಸ್ಥಾನಕ್ಕೆ ಎಷ್ಟು ಸಲ ಕರೆದುಕೊಂಡು ಹೋಗಿಲ್ಲ! ಮಂಗಳಾರತಿ, ಪುಳಿಯೋಗರೆ, ಮತ್ತೆ ಕಾರು.

ಹಾಗಾಗಿ ನಾವೂ ಒಂದು ಸಂಜೆ ಇಟ್ಟುಕೊಂಡೆವು, ಗುರುವಾರ. ಅರ್ಧ ಗಂಟೆ, ಒಂದೇ ಪ್ರಶ್ನೆ, ಆದಷ್ಟು ಕನ್ನಡ. ತಡವರಿಸಿದರೆ ತಿದ್ದುವುದಿಲ್ಲ. ಉಪವಾಸದ ದಿನ ಚೆನ್ನಾಗಿ ನಡೆಯಿತು. ಗೆಳತಿಯ ಮನೆಯವರು ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಊಟ ಬಿಟ್ಟು ಆ ದುಡ್ಡನ್ನು ಬಡವರಿಗೆ ಕೊಡುತ್ತಾರೆ ಎಂದು ಅವಳೇ ಹೇಳಿದಳು, ಅಜ್ಜಿಯ ಏಕಾದಶಿ ಯಾಕೆ ಎಂದು ಕೇಳಿದಳು. ನಮಗೂ ಪೂರ್ತಿ ಗೊತ್ತಿರಲಿಲ್ಲ. ಅಜ್ಜಿಗೇ ಫೋನ್ ಹೋಯಿತು. ಎರಡು ಗುರುವಾರ ತಪ್ಪಿಯೂ ಹೋಯಿತು, ಅದನ್ನೂ ಹೇಳಿಬಿಡುತ್ತೇನೆ.

ಅಜ್ಜಿಯಿಂದಲೇ ಗೆಂಡದಡ್ಯೆಯ ವಿಚಾರವೂ ಬಂತು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯವರಿಗೆ ಗೊತ್ತೇ ಇದೆ: ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸೌತೆ ಅಥವಾ ಹಲಸಿನ ಹಣ್ಣು ಸೇರಿಸಿದ ಹಿಟ್ಟನ್ನು ಬಾಳೆಲೆ ಹಾಸಿದ ಪಾತ್ರೆಗೆ ಸುರಿದು, ಕೆಳಗೂ ಕೆಂಡ, ಮೇಲೂ ಕೆಂಡ. "ಇದು ಡಚ್ ಅವನ್ನೇ ಅಲ್ವಾ!" ಎಂದಳು ಮಗಳು. ಅಜ್ಜಿಗೆ ಡಚ್ಚರು ಯಾರೆಂದು ವಿವರಿಸಲು ಹತ್ತು ನಿಮಿಷ ಬೇಕಾಯಿತು.

ಕಳೆದ ಶನಿವಾರ ಪಕ್ಕದ ಮನೆಯವರ ಪಾತ್ರೆ ತೆಗೆದುಕೊಂಡು, ಎರಡೂ ಮನೆಯವರು ಮಿಷನ್ ಬೇಯ ಫಿಯೆಸ್ಟಾ ಐಲ್ಯಾಂಡ್‌ಗೆ ಹೋದೆವು. ಲಾಸ್ ಏಂಜಲಿಸ್‌ನವರಿಗೆ ಡಾಕ್‌ವೈಲರ್ ಬೀಚ್‌ನ ಬೆಂಕಿ ಗುಂಡಿಗಳಿವೆ. ಬೆಟ್ಟದ ಕಡೆ ಹೋಗುವುದಾದರೆ ಅಂದಿನ ಬೆಂಕಿ ನಿರ್ಬಂಧ ನೋಡಿಯೇ ಹೊರಡಿ, 2025ರ ಜನವರಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಕೆಂಡವನ್ನು ಮರಳಲ್ಲಿ ಮಾತ್ರ ಹೂಳಬೇಡಿ. ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ, ಬರಿಗಾಲ ಮಕ್ಕಳು ತುಳಿಯುತ್ತಾರೆ.

ನಮ್ಮವರು ಕೆಳಗೆ ಹನ್ನೆರಡು ತುಂಡು ಇಟ್ಟರು, ಎಂಟು ಸಾಕೆಂದು ಮಕ್ಕಳು ಕೂಗಿದರೂ ಕೇಳಲಿಲ್ಲ. ತಳ ಸೀದಿತು. ಮೇಲಿನ ಅರ್ಧ ಮಾತ್ರ ಅಜ್ಜಿ ಮಾಡಿದ ಹಾಗೇ ಇತ್ತು. ಗೆಳತಿಯ ಅಪ್ಪ ತಿನ್ನುವ ಮುಂಚೆ ತಲೆ ಬಗ್ಗಿಸಿ ಪ್ರಾರ್ಥನೆ ಹೇಳಿದರು, ಆಮೇಲೆ ನಮ್ಮ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮುಂಚೆ ಮಗಳು ಅಜ್ಜಿ ಕಲಿಸಿದ ಶ್ಲೋಕ ಹೇಳಿದಳು, ನಡುವೆ ಒಂದು ಸಾಲು ನುಂಗಿಕೊಂಡು.

ಸೆಮಿನರಿಗೆ ಏನು ಹೇಳಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಆಗಸ್ಟ್‌ವರೆಗೆ ಸಮಯವಿದೆ. ಮೊದಲು ಒಂದು ವಾರ ನಾನೂ ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದೇ ಎಂದು ಆ ತಾಯಿಯನ್ನು ಕೇಳಿದ್ದೇನೆ, ವಿಚಾರಿಸಿ ಹೇಳುತ್ತೇನೆ ಎಂದಿದ್ದಾರೆ. ವೀಣೆಗೆ ಹೊಸ ತಂತಿ ತರಿಸಿದ್ದೇನೆ.