ಮಗುವಿನ ಮುಖ ಯಾರ ಸೊತ್ತು?

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯಕ್ಷೇತ್ರಕ್ಕೆ ಸಂತಾನವನ್ನು ಬೇಡಿ ಬಂದು, ನಾಗಶಿಲೆಯನ್ನು ಪ್ರತಿಷ್ಠಿಸಿ, ಹರಕೆ ಫಲಿಸಿದ ಮೇಲೆ ಮಗುವನ್ನೆತ್ತಿಕೊಂಡು ಮರಳಿ ಬರುವ ದಂಪತಿಗಳು ಇಂದಿಗೂ ಕಡಮೆಯಲ್ಲ. ಕಂಡವರ ಕಣ್ಣು ತಾಗದಿರಲೆಂದು ತಾಯಿಯು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟನ್ನಿಡುವಳು. ಮನೆಗೆ ಬಂದೊಡನೆ ಉಪ್ಪು ಮೆಣಸಿನಕಾಯಿಗಳನ್ನು ನಿವಾಳಿಸುವಳು. ಅದೇ ಸಂಜೆ ಆ ಮಗುವಿನ ಚಿತ್ರವು ಹೆಸರು, ಜನ್ಮದಿನ, ಊರುಗಳ ಸಮೇತವಾಗಿ ಫೇಸ್‌ಬುಕ್ಕಿನಲ್ಲಿಯೂ ಇನ್‌ಸ್ಟಾಗ್ರಾಮಿನಲ್ಲಿಯೂ ಪ್ರಕಟವಾಗಿ, ತಾಯಿತಂದೆಗಳು ಎಂದೂ ಕಂಡರಿಯದ ಕಣ್ಣುಗಳ ಮುಂದೆ ನಿಲ್ಲುವುದು. ದೃಷ್ಟಿದೋಷವನ್ನು ನಂಬುವವರು ಹೀಗೆ ಮಾಡುವುದು ವಿಚಿತ್ರ. ನಂಬದವರು ಮಾಡುವುದು ಅವಿಚಾರ.

ಚಿತ್ರವನ್ನು ತೆಗೆಯಿಸುವುದೇ ತಪ್ಪೆಂದು ಯಾರೂ ಹೇಳರು. ಹಿಂದಿನವರೂ ಮಕ್ಕಳನ್ನು ಸ್ಟುಡಿಯೋಗೆ ಕರೆದೊಯ್ದು ಭಾವಚಿತ್ರ ತೆಗೆಯಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕುತ್ತಿದ್ದರು. ಉಳಿದುವು ಆಲ್ಬಮ್ಮಿನಲ್ಲಿ ಸೇರಿ ಬೀರುವಿನೊಳಗಿರುತ್ತಿದ್ದುವು. ನೆಂಟರು ಬಂದಾಗ ಕಾಫಿಯಾದ ಮೇಲೆ ಅದು ಹೊರಗೆ ಬರುತ್ತಿತ್ತು. ನೋಡುವವನು ಯಾರೆಂಬುದನ್ನು ನಿರ್ಣಯಿಸುವ ಅಧಿಕಾರವು ಮನೆಯವರದಾಗಿದ್ದಿತು. ಈಗಲಾದರೋ ಬಾಗಿಲು ತೆರೆದವರಿಗೇ ಒಳಹೊಕ್ಕವರ ಗುರುತಿಲ್ಲ. ಶಾಲೆಯ ಸಮವಸ್ತ್ರ, ಬೆನ್ನ ಹಿಂದಿನ ಬೀದಿಯ ಫಲಕ, ಕೇಕಿನ ಮೇಲಿನ ಅಂಕಿ, ಇಷ್ಟರಿಂದಲೇ ಮಗು ಎಲ್ಲಿ ಓದುವುದು, ಯಾವ ಬೀದಿಯಲ್ಲಿರುವುದು, ಅದಕ್ಕೆಷ್ಟು ವಯಸ್ಸು ಎಂಬುದನ್ನೆಲ್ಲ ಅಪರಿಚಿತನು ತಿಳಿಯಬಲ್ಲನು. ಬೇಡವೆನಿಸಿದಾಗ ಅಳಿಸಿದರಾಯಿತೆಂಬ ಮಾತು ಬರಿಯ ಸಮಾಧಾನ. ಅಷ್ಟರೊಳಗೆ ತೆಗೆದುಕೊಂಡ ನಕಲು ಮೂಲದೊಡನೆ ಅಳಿಯದು. ಕೃತಕ ಬುದ್ಧಿಯ ಯಂತ್ರಗಳು ಒಂದು ಮುಖವನ್ನು ಹಿಡಿದು, ನಡೆಯದ ಸಂಗತಿಯ ಚಿತ್ರವನ್ನೂ ಹುಟ್ಟಿಸುವ ಕಾಲವಿದು.

'ಮಗು ನಮ್ಮದು, ಸಂತೋಷ ನಮ್ಮದು, ಕೇಳಲು ನೀವಾರು?' ಎನ್ನುವವರುಂಟು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾವ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನೋ, ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉಪನಿಧಿಯೆಂಬ ಪ್ರಕರಣವಿರುವುದು. ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು, ಮತ್ತೊಬ್ಬನ ಕೈಗೆ ಒಪ್ಪಿಸಿದ ಒಡವೆಗೆ ಆ ಹೆಸರು. ಅದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕು. ಇಟ್ಟುಕೊಂಡವನು ಸ್ವೇಚ್ಛೆಯಿಂದ ಅದರ ಮೇಲೆ ಜೀವಿಸಿದರೆ ದಂಡವನ್ನು ತೆರುವುದಲ್ಲದೆ ವೃದ್ಧಿಸಹಿತವಾಗಿ ಮರಳಿಸಬೇಕು. ಸ್ಮೃತಿಕಾರನು ಹೇಳಿದುದು ದ್ರವ್ಯದ ಮಾತು, ಮಗುವಿನ ಮಾತಲ್ಲವೆಂಬುದು ನಿಜ. ಆದರೂ ಮಗುವಿನಷ್ಟು ಮುಚ್ಚಿದ ಪೆಟ್ಟಿಗೆ ಬೇರೆ ಯಾವುದು? ಅದು ಮುಂದೆ ಏನಾಗುವುದು, ಯಾವುದಕ್ಕೆ ಹೆಮ್ಮೆಪಡುವುದು, ಯಾವುದಕ್ಕೆ ನಾಚುವುದು ಎಂಬುದು ಹೆತ್ತವರಿಗೂ ತಿಳಿಯದು. ಫ್ರಾನ್ಸ್ ದೇಶದಲ್ಲಿ ಸ್ಮೃತಿಯನ್ನು ಓದದೆಯೇ 2020ರಲ್ಲಿ ಕಾಯಿದೆ ಮಾಡಿ, ವೀಡಿಯೋಗಳಿಂದ ಮಕ್ಕಳು ಗಳಿಸಿದ ಹಣವನ್ನು ಅವರು ಪ್ರಾಪ್ತವಯಸ್ಕರಾಗುವವರೆಗೆ ಠೇವಣಿಯಿಡುವ ಏರ್ಪಾಡು ಮಾಡಿದರು. 2024ರಲ್ಲಿ ಮಗುವಿನ ಚಿತ್ರದ ಹಕ್ಕನ್ನು ತಂದೆತಾಯಿಗಳಿಬ್ಬರೂ ಕಾಪಾಡಬೇಕೆಂದೂ, ವಯಸ್ಸಿಗೆ ತಕ್ಕಂತೆ ಮಗುವಿನ ಅಭಿಪ್ರಾಯವನ್ನೂ ಕೇಳಬೇಕೆಂದೂ ವಿಧಿಸಿದರು.

ಈ ನಾಡಿಗೂ ಈ ವಿಚಾರ ಹೊಸತಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ನೆಯ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ತರುವಾಯ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಾಯಿತು. ಹದಿನೆಂಟು ತುಂಬದವರ ವಿವರಗಳನ್ನು ಬಳಸಲು ಕಂಪೆನಿಗಳು ಹೆತ್ತವರ ಒಪ್ಪಿಗೆಯನ್ನು ಪಡೆಯಬೇಕೆಂದು ಅದರ ವಿಧಿ. ಆದರೆ ವಿವರಗಳ ಒಡೆಯನೇ ತಾನಾಗಿ ಬಹಿರಂಗಪಡಿಸಿದುದಕ್ಕೆ ಆ ಕಾಯಿದೆ ಅನ್ವಯಿಸದು. ಮತ್ತು ಅದರ ಅರ್ಥನಿರೂಪಣೆಯಂತೆ, ಒಡೆಯನು ಮಗುವಾದಲ್ಲಿ ಆ ಪದದೊಳಗೆ ತಾಯಿತಂದೆಗಳೂ ಸೇರಿದ್ದಾರೆ! ಎಂದರೆ, ತಂದೆ ಬೀದಿಗಿಟ್ಟುದನ್ನು ಮಗುವೇ ಇಟ್ಟುದೆಂದು ಎಣಿಸಲು ದಾರಿಯಾಯಿತು. ಕಾವಲುಗಾರನೆಂದು ನಿಲ್ಲಿಸಿದವನಿಂದಲೇ ಕಾಯಬೇಕಾಗಿ ಬಂದಲ್ಲಿ ಕಾಯಿದೆ ಮೌನವಾಗಿದೆ. ಹದಿಮೂರು ತುಂಬದವರು ಖಾತೆ ತೆರೆಯಕೂಡದೆಂಬ ಆ ತಾಣಗಳ ನಿಯಮವೂ ಹೀಗೆಯೇ ಹಾಸ್ಯಾಸ್ಪದ. ಮಗುವಿಗೆ ಖಾತೆಯಿಲ್ಲ, ತಾಯಿಯ ಖಾತೆಯ ತುಂಬ ಮಗುವೇ.

ಎದುರುಪಕ್ಷದಲ್ಲಿ ತೂಕವುಳ್ಳ ಮಾತೊಂದೇ ಇದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಮಕ್ಕಳು ಮನೆಯ ಮೇಲೆಯೇ ಹಾರಿ ದೂರದೇಶಕ್ಕೆ ಹೋಗುತ್ತಿದ್ದಾರೆ. ಹೊಸಕೋಟೆಯಲ್ಲಿ ಒಬ್ಬಳೇ ಇರುವ ಅಜ್ಜಿಗೆ ಮೊಮ್ಮಗನ ಮೊದಲ ಹೆಜ್ಜೆ ಕಾಣುವುದು ಫೋನಿನಲ್ಲಿಯೇ. ಆ ಸಂತೋಷವನ್ನು ಕಸಿಯುವುದು ಕ್ರೌರ್ಯ. ಆದರೆ ಅಜ್ಜಿಯ ಫೋನಿಗೆ ಕಳುಹಿಸಿದ ಚಿತ್ರ ಒಂದು ಕಾಗದವಿದ್ದಂತೆ. ಒಬ್ಬ ಅಜ್ಜಿಗೆ ತಲಪಿಸಲು ಅದನ್ನು ಸಂತೆಯ ಕಂಬಕ್ಕೆ ಅಂಟಿಸಬೇಕಾದುದಿಲ್ಲ. ಅಂಟಿಸಿದವನು ಅಜ್ಜಿಗಾಗಿ ಅಂಟಿಸಿದೆನೆನ್ನಬಾರದು. ಮೆಚ್ಚುಗೆಯ ಲೆಕ್ಕವನ್ನು ಗಳಿಗೆಗೊಮ್ಮೆ ನೋಡುವವನು ಅವನೇ.

ಇನ್ನು ಆ ಸಂತೋಷವಾದರೂ ಎಂತಹುದು? ನೆಲಮಂಗಲದ ಶಿವಗಂಗೆಯ ಬೆಟ್ಟವನ್ನು ಹತ್ತಿ ಬಸವಳಿದ ಮಗು ನೀರು ಕೇಳುತ್ತದೆ. ಮೊದಲು ನಗಬೇಕೆಂದು ಅಪ್ಪಣೆಯಾಗುತ್ತದೆ. ಒಮ್ಮೆ ಕಣ್ಣು ಮುಚ್ಚಿತೆಂದೂ, ಇನ್ನೊಮ್ಮೆ ನಗೆ ಸಾಲದೆಂದೂ ಮೂರು ಬಾರಿ ನಿಲ್ಲಿಸಿ ತೆಗೆದ ಮೇಲೆ ನೀರು ದೊರೆಯುತ್ತದೆ. ಅಂತಹ ಚಿತ್ರಗಳಲ್ಲಿ ಕೆಲವು ಬಾರಿ ಮಗು ಎರಡು ಕೈಗಳಿಂದಲೂ ಮುಖವನ್ನು ಮುಚ್ಚಿಕೊಂಡಿರುವುದುಂಟು. ಅದನ್ನೂ ಬಿಡದೆ, ಕೆಳಗೆ 'ನಮ್ಮ ಪುಟ್ಟನಿಗೆ ನಾಚಿಕೆ' ಎಂದು ಬರೆದು ಹಾಕುತ್ತಾರೆ.