ಮರಳಿ ಬಂದವನ ಗೆಲುವು

ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ ಹೋದ ಮಗನು ಆದೋನಿಗೋ ಕೌತಾಳಕ್ಕೋ ಹಿಂದಿರುಗಿದರೆ, ‘ಸೋತು ಬಂದನೇ?’ ಎಂದು ಊರು ಕೇಳುತ್ತದೆ. ಹಾಗೆ ಕೇಳುವ ಮುನ್ನ ಸ್ನೂಕರ್ ಆಟಗಾರ ಪಂಕಜ್ ಅಡ್ವಾಣಿಯವರ ಬದುಕನ್ನು ಅರಿಯುವುದು ಒಳಿತು.

1985ರಲ್ಲಿ ಪುಣೆಯಲ್ಲಿ ಜನಿಸಿದ ಅವರು ಆರನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಳೆದದ್ದು ಬೆಂಗಳೂರಿನಲ್ಲಿ, ಆಟ ಕಲಿಸಿದ ಗುರು ಅರವಿಂದ್ ಸವೂರ್. 2003ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು.

2012ರಲ್ಲಿ ವೃತ್ತಿಪರ ಸ್ನೂಕರ್ ಕಣಕ್ಕಿಳಿದರು. ಆ ಕಣದ ಕೇಂದ್ರ ಬ್ರಿಟನ್. ಮರುವರ್ಷವೇ ವೆಲ್ಷ್ ಓಪನ್ ಪಂದ್ಯಾವಳಿಯಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಆದರೆ ಇಪ್ಪತ್ತೆರಡು ಚೆಂಡುಗಳ ಸ್ನೂಕರಿನಂತೆಯೇ ಮೂರು ಚೆಂಡುಗಳ ಬಿಲಿಯರ್ಡ್ಸ್ ಕೂಡ ಅವರಿಗೆ ಪ್ರಿಯವಾಗಿತ್ತು. ಎರಡನ್ನೂ ಉಳಿಸಿಕೊಳ್ಳಬಯಸಿ, 2014ರಲ್ಲಿ ಆ ಕಣವನ್ನು ತಾವಾಗಿಯೇ ತೊರೆದರು.

ಅದು ಸೋಲಾಗಿತ್ತೇ? ಅದೇ ವರ್ಷ ಲೀಡ್ಸ್ ನಗರದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಅಂಕಾಧಾರಿತ ಹಾಗೂ ಸಮಯಾಧಾರಿತ ಪ್ರಶಸ್ತಿಗಳೆರಡೂ ಅವರ ಪಾಲಾದವು. 2018ರಲ್ಲಿ ಪದ್ಮಭೂಷಣವೂ ಸಂದಿತು.

ಎಲ್ಲ ಮರಳುವಿಕೆಯೂ ಹೀಗೆ ಫಲಿಸದಿರಬಹುದು. ಆದರೂ ಮನೆಯ ಹೊಸ್ತಿಲಲ್ಲಿ ನಿಂತ ಮಗನ ಮಾತನ್ನು ಆಲಿಸದೆ ತೀರ್ಪು ನೀಡುವುದು ನ್ಯಾಯವಲ್ಲ. ‘ಏಕೆ ಬಂದೆ?’ ಎನ್ನುವುದಕ್ಕಿಂತ, ‘ಮುಂದೇನು ಮಾಡಬೇಕೆಂದಿರುವೆ?’ ಎಂದು ಕೇಳುವ ತಂದೆತಾಯಿಯರು ಅವನಿಗೆ ಬೇಕು.