ವಿಜ್ಞಾನ ವಿಚಾರ: ಜೀವಕಣದ ಅಗುಳಿ

ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುವಾಗ ಒಮ್ಮೆಯಾದರೂ ಬೆರಳು ಕೊಯ್ದುಕೊಳ್ಳದ ಗೃಹಿಣಿಯರು ವಿರಳ. ಬಟ್ಟೆ ಕಟ್ಟಿದರೆ ಕೆಲವು ದಿನಗಳಲ್ಲಿ ಗಾಯವು ಮಾಯುವುದು. ಗಾಯದ ಅಂಚಿನ ಜೀವಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಕೊರತೆಯನ್ನು ತುಂಬುವುವು. ಇದು ಸೋಜಿಗವೇ ಸರಿ. ಆದರೆ ಗಾಯವು ತುಂಬಿದ ಮೇಲೆ ಅವು ತಾವಾಗಿ ನಿಲ್ಲುವುದು ಇನ್ನೂ ದೊಡ್ಡ ಸೋಜಿಗ. ಅವಕ್ಕೆ ಸಾಕೆಂದು ಹೇಳುವವರಾರು?

ಈ ಅಂಕೆಯು ಕೆಲವು ಪ್ರೋಟೀನುಗಳ ಕೈಯಲ್ಲಿದೆ. ಅವುಗಳಲ್ಲಿ ಸಿ.ಡಿ.ಕೆ. ೨ ಎಂಬುದರ ರಚನೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಅಮೈನೋ ಆಮ್ಲಗಳೆಂಬ ೨೯೮ ಮಣಿಗಳ ಸರವೊಂದು ಮಡಿಚಿಕೊಂಡು ಮುದ್ದೆಯಾದಂತೆ ಇದರ ಆಕಾರ. ಮೇಲೆ ಚಿಕ್ಕ ಭಾಗ, ಕೆಳಗೆ ದೊಡ್ಡ ಭಾಗ, ನಡುವೆ ಒಂದು ಸಂದು. ಇತರ ಪ್ರೋಟೀನುಗಳಿಗೆ ರಂಜಕದ ಅಂಶವೊಂದನ್ನು ಅಂಟಿಸಿ, ವಿಭಜನೆಯ ಸಿದ್ಧತೆಗೆ ಅವುಗಳನ್ನು ಹೊರಡಿಸುವ ಕೆಲಸವು ಆ ಸಂದಿನಲ್ಲಿಯೇ ನಡೆಯುವುದು.

೧೯೯೩ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಮನುಷ್ಯನ ಈ ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷಕಿರಣಗಳನ್ನು ಹಾಯಿಸಿ ಆಕಾರವನ್ನು ಕಂಡುಕೊಂಡರು. ಅದು ಒಂಟಿಯಾಗಿರುವಾಗ ಸರದ ಒಂದು ಕುಣಿಕೆಯೇ ಸಂದಿನ ಬಾಯಿಗೆ ಅಡ್ಡಬಿದ್ದಿದ್ದಿತು. ಬಾಗಿಲಿಗೆ ಅಗುಳಿ ಹಾಕಿದಂತಾಯಿತು.

ಅಗುಳಿಯನ್ನು ತೆಗೆಯುವುದು ಸೈಕ್ಲಿನ್ ಎಂಬ ಇನ್ನೊಂದು ಪ್ರೋಟೀನು. ೧೯೮೨ರಲ್ಲಿ ಟಿಮ್ ಹಂಟ್ ಎಂಬ ಆಂಗ್ಲ ವಿಜ್ಞಾನಿಗಳು ಮೈತುಂಬ ಮುಳ್ಳುಗಳುಳ್ಳ ಕಡಲ ಪ್ರಾಣಿಯೊಂದರ ಮೊಟ್ಟೆಗಳಲ್ಲಿ ಸೈಕ್ಲಿನನ್ನು ಗುರುತಿಸಿದರು. ಕಣವು ಒಡೆಯುವ ಮುನ್ನ ಅದು ಹೆಚ್ಚುತ್ತ ಹೋಗಿ, ಒಡೆಯುವ ವೇಳೆಗೆ ಅಳಿಯುತ್ತಿದ್ದಿತು. ೨೦೦೧ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ೧೯೯೫ರಲ್ಲಿ ನ್ಯೂಯಾರ್ಕಿನ ನಿಕೋಲಾ ಪಾವ್ಲೆಟಿಚ್ ಮತ್ತು ಅವರ ಸಂಗಡಿಗರು ಸೈಕ್ಲಿನ್ ಬಂದು ಪಕ್ಕಕ್ಕೆ ಹತ್ತಿಕೊಂಡಾಗ ಕುಣಿಕೆಯು ಸರಿದು ದಾರಿ ಬಿಡುವುದನ್ನು ತೋರಿಸಿದರು. ಮರುವರ್ಷ ಅವರೇ ಪಿ ೨೭ ಎಂಬ ಕಾವಲಿನ ಪ್ರೋಟೀನು ಎರಡನ್ನೂ ತಬ್ಬಿ, ಸಂದಿನೊಳಕ್ಕೆ ತೂರಿ ಕೆಲಸವನ್ನು ನಿಲ್ಲಿಸುವ ಬಗೆಯನ್ನೂ ಕಂಡರು.

ಇಂತಹ ಅಂಕೆಗಳು ಕೆಟ್ಟು, ಕಣಗಳು ಮಿತಿಯಿಲ್ಲದೆ ಒಡೆಯುತ್ತ ಹೋದರೆ ಅದೇ ಕ್ಯಾನ್ಸರ್ ಎಂಬ ಅರ್ಬುದರೋಗ. ಬಾಗಿಲಿನ ರಚನೆಯನ್ನು ತಿಳಿದರೆ ಅದನ್ನು ಮುಚ್ಚುವ ಉಪಾಯವೂ ಹೊಳೆಯುವುದಷ್ಟೆ. ೨೦೧೫ರಲ್ಲಿ ಅಮೆರಿಕದಲ್ಲಿ ಪಾಲ್ಬೊಸಿಕ್ಲಿಬ್ ಎಂಬ ಔಷಧಕ್ಕೆ ಅನುಮತಿ ದೊರೆಯಿತು. ಇದು ಸಿ.ಡಿ.ಕೆ. ೨ರ ಸೋದರಿಯರಾದ ೪ ಮತ್ತು ೬ರ ಸಂದಿನಲ್ಲಿ ಸೇರಿ ಅವುಗಳ ಕೆಲಸವನ್ನು ತಡೆಯುವುದು. ಸ್ತನದ ಅರ್ಬುದದ ಒಂದು ಬಗೆಯಲ್ಲಿ, ಮುಂದುವರಿದ ಹಂತದಲ್ಲಿಯೂ, ಇತರ ಔಷಧಗಳೊಡನೆ ಕೊಟ್ಟಾಗ ರೋಗದ ಬೆಳವಣಿಗೆಯನ್ನು ಬಹುಕಾಲ ತಡೆಹಿಡಿಯುವುದುಂಟು. ಬೇರುಸಹಿತ ಕೀಳುವ ಮದ್ದು ಇದಲ್ಲ.

ಆದುದರಿಂದ ನಮ್ಮ ಸೋದರಿಯರಲ್ಲಿ ಒಂದು ಬಿನ್ನಹ. ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿದರೆ, ನೋವಿಲ್ಲವೆಂದೋ ನಾಚಿಕೆಯಿಂದಲೋ ಮರೆಮಾಡಬಾರದು. ಕೂಡಲೆ ವೈದ್ಯರಿಗೆ ತೋರಿಸಬೇಕು. ಎಲ್ಲ ಗಂಟೂ ಅರ್ಬುದವಲ್ಲ. ಅರ್ಬುದವೇ ಆಗಿದ್ದರೂ ಬೇಗನೆ ಕಂಡುದಕ್ಕೆ ಚಿಕಿತ್ಸೆಯು ಸುಲಭ.